ಬಂದದ, ಬಂದ್ ಅದ

ಸಾಯಗಾಂವದ ಹತ್ತಿರ ಹಳ್ಳಕ್ಕೆ ಸೇತುವೆ ಕಟ್ಟುವಾಗ ಮೋಟಾರು ನೋಡಿಕೊಳ್ಳುವ ಕೆಲಸ ನನ್ನದು. ಹಳ್ಳಕ್ಕೆ ಅಡ್ಡವಾಗಿ ಮರಳಿನ ಚೀಲಗಳ ಒಡ್ಡು. ಅದರ ಹಿಂದೆ ನಿಂತ ನೀರನ್ನು ಎರಡು ಮೋಟಾರುಗಳು ಪೈಪಿನಲ್ಲಿ ಎಳೆದು, ಬುನಾದಿಯ ತಗ್ಗನ್ನು ಸುತ್ತುಹಾಕಿಸಿ ಆಚೆ ಬಿಡುತ್ತಿದ್ದವು. ನೀರೇರಿದರೆ ಸೆನ್ಸರ್ ಡಬ್ಬಿ ಚೀರಿಕೊಂಡು ಎರಡನೇ ಮೋಟಾರನ್ನು ತಾನೇ ಚಾಲೂ ಮಾಡುತ್ತಿತ್ತು. ಕಸ ಸಿಕ್ಕಿದರೂ ಚೀರುತ್ತಿತ್ತು, ಎಮ್ಮೆ ಇಳಿದರೂ ಚೀರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆ ಬದ್ಮಾಶ್ ಡಬ್ಬಿಯನ್ನು ಎಷ್ಟೋ ಸಲ ಒದ್ದಿದ್ದೆ.

ಅವತ್ತು ಮಧ್ಯಾಹ್ನ ನಮ್ಮಲ್ಲಿ ಸುಡು ಬಿಸಿಲು. ಡಬ್ಬಿ ಚೀರತೊಡಗಿತು. ಹಳ್ಳದ ಮೇಲ್ಗಡೆ ಕಾವಲಿಗಿಟ್ಟಿದ್ದ ಕುರಿ ಕಾಯುವ ಮುದುಕನಿಗೆ ಫೋನ್ ಹಚ್ಚಿದೆ.

"ಕಾಕಾ, ಹಳ್ಳ ಹ್ಯಾಂಗದ?"

"ಹಳ್ಳ ಬಂದದರಿ."

ಮೇಲೆಲ್ಲೋ ಮಳೆಯಾಗಿ ಹಳ್ಳಕ್ಕೆ ನೆರೆ ಬಂದಿದೆ ಎಂದು ಅವನು ಹೇಳಿದ್ದು. ದಿನವಿಡೀ ಚಾಲೂ, ಬಂದ್ ಎನ್ನುತ್ತ ಬದುಕುವ ನನ್ನ ಕಿವಿಗೆ ಅದು 'ಬಂದ್ ಅದರಿ' ಎಂದು ಬಿತ್ತು. ಹರಿವೇ ನಿಂತಿದೆ, ಡಬ್ಬಿ ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಅದರ ತಂತಿ ಕಿತ್ತೆಸೆದು, ಎರಡೂ ಮೋಟಾರು ಬಂದ್ ಮಾಡಿ, ಪೈಪಿನ ಬಾಯಿಯ ಕಸ ತೆಗೆಯಲು ಬಗ್ಗಿದೆ.

ಮೋಟಾರು ನಡೆದಿದ್ದರೂ ಒಡ್ಡು ಉಳಿಯುತ್ತಿರಲಿಲ್ಲವೇನೋ. ಆದರೆ ಬುನಾದಿಯ ತಗ್ಗಿನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಹತ್ತಿ ಬರುವಷ್ಟು ಹೊತ್ತು ಸಿಗುತ್ತಿತ್ತು.

ಗೋಡೆ ಬಿದ್ದಂಥ ಸದ್ದಾಯಿತು. ಚೀಲಗಳು, ಕಲ್ಲುಗಳು, ಕೆಂಪು ನೀರು ಎಲ್ಲ ಒಟ್ಟಿಗೇ ತಗ್ಗಿಗೆ ನುಗ್ಗಿದವು. ಉಳಿದವರು ಹೇಗೋ ಮೇಲೆ ಬಂದರು. ಬೀದರಿನಿಂದ ದಿನಾ ಬಸ್ಸಿಗೆ ಬಂದು ಸರಳು ಕಟ್ಟುತ್ತಿದ್ದವನೊಬ್ಬ ಮಾತ್ರ ಸಿಕ್ಕಿಬಿದ್ದ. ಕಟ್ಟಿದ ಸರಳುಗಳ ಚೌಕಟ್ಟೇ ಅವನ ಕಾಲ ಮೇಲೆ ಮಗುಚಿತ್ತು. ನೀರು ಎದೆಗೆ, ಕುತ್ತಿಗೆಗೆ, ಗದ್ದಕ್ಕೆ ಬಂತು.

"ಎಳೀರಿ," ಎಂದ ಅವನು, "ಕಾಲ್ ಹೋದ್ರ ಹೋಗ್ಲಿ."

ನಾಲ್ಕು ಜನ ಎಳೆದೆವು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಜೀವ ಉಳಿಯಿತು. ಕಾಲು ಮೊಣಕಾಲಿನ ಕೆಳಗೆ ಹಿಂದುಮುಂದಾಗಿ ತಿರುಗಿತ್ತು, ಮಾಂಸದ ಚೂರೊಂದು ಸರಳಿನಲ್ಲೇ ಉಳಿಯಿತು.

ಅಷ್ಟರಲ್ಲಿ ಮುದುಕ ದಂಡೆಗುಂಟ ಓಡಿ ಬಂದ. ಹಿಡಿದು ಬಾರಿಸಿದೆ. ಮೊದಲ ಏಟಿಗೆ ರುಮಾಲು ಬಿತ್ತು, ಎರಡನೆಯದಕ್ಕೆ ತುಟಿ ಒಡೆಯಿತು.

"ಬಂದ್ ಅದ ಅಂತ ಯಾಕಂದಿ?"

"ಬಂದದ ಅಂದೀನ್ರಿ ಸಾಹೇಬ್ರ," ಎಂದ, ರಕ್ತ ಉಗುಳಿ. "ಹಳ್ಳ ತುಂಬಿದ್ರ ನಾವು ಹಂಗೇ ಅಂತೇವ್ರಿ."

ನನಗೂ ಗೊತ್ತಿದ್ದ ಮಾತೇ ಅದು. ನನ್ನ ಅವ್ವನೂ ಹಾಗೇ ಅನ್ನುತ್ತಿದ್ದಳು.

ಕಾಲು ಮುರಿದು ಕೆಸರಿನಲ್ಲಿ ಬಿದ್ದಿದ್ದವನು ತೊಡೆ ಒತ್ತಿ ಹಿಡಿದುಕೊಂಡೇ ಕೇಳಿದ: "ಅವರಿಗ್ಯಾಕ ಹೊಡೀತಿ ಭಾಯ್? ಮೋಟಾರ್ ಬಂದ್ ಮಾಡಿದ್ದು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನೇ ಎನ್ನಲು ಬಾಯಿ ತೆರೆದದ್ದು ನಿಜ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹಾಗೆನ್ನುವ ಬದಲು ಮುದುಕನಿಗೆ ಇನ್ನೊಂದು ಹಾಕಿದೆ, ಈ ಸಲ ಮುಷ್ಟಿ ಬಿಗಿದು.