ಹೆಜ್ಜೇನಿನ ಕೆಳಗೆ ಒಂದು ಶಾಟ್

ರಾಮನಗರದ ಈ ಬಂಡೆಗೆ ಬರುವವರು ಸೆಂಟ್ ಹಾಕಿಕೊಂಡು ಬರಬೇಡಿ. ನೆತ್ತಿಯ ಮೇಲೆ ಏಳೆಂಟು ಹೆಜ್ಜೇನು ಗೂಡುಗಳು ತೂಗುತ್ತಿವೆ. ಶೂಟಿಂಗಿಗೆ ಬಾಡಿಗೆ ಲೈಟು ತಂದುಕೊಟ್ಟಿದ್ದ ನಾನು ಕಾರಿನ ಬಾಗಿಲು ತೆಗೆದಿಟ್ಟುಕೊಂಡೇ ನಿಂತಿದ್ದೆ.

"ಹೊಗೆ ಹಾಕ್ಬೇಡಿ, ಕೂಗ್ಬೇಡಿ. ಒಸಿ ರೇಗುದ್ರೂ ಒಬ್ರುನ್ನೂ ಬುಡಾಕಿಲ್ಲ ಅವು" ಎಂದು ಊರಿನ ಸಿದ್ದಣ್ಣ ಬೆಳಿಗ್ಗೆಯೇ ಹೆದರಿಸಿದ್ದ.

ಚಿತ್ರ ಮಲಯಾಳಂನದು, ನಿರ್ದೇಶಕರದು ದೊಡ್ಡ ಗಂಟಲು. ಕ್ಲಾಪ್ ಹಿಡಿಯುವ ಕೆಲಸದಿಂದ ಮೇಲೆ ಬಂದವರು. ಹಿಂದಿನ ಎರಡು ಚಿತ್ರ ಮಲಗಿವೆ, ಇದೂ ಮಲಗಿದರೆ ಮತ್ತೆ ಯಾರೂ ಕರೆಯುವುದಿಲ್ಲ. "ಬೇರೆ ಬಂಡೆ ನೋಡಿ ಸಾರ್, ನಾನೇ ಮಾತಾಡಿ ಕೊಡಿಸ್ತೀನಿ" ಎಂದೆ. ಒಪ್ಪಲಿಲ್ಲ. ಶಾಟಿಗೆ ಬೇಕಿದ್ದ ಹೊಗೆಯನ್ನು ಮಾತ್ರ ಕೈಬಿಟ್ಟರು. 'ಆಕ್ಷನ್' ಎಂದು ಅರಚುವ ಮನುಷ್ಯ ಇವತ್ತು ಒಂದು ಬೆರಳೆತ್ತಿ ಕೆಲಸ ನಡೆಸುತ್ತಿದ್ದರು.

ಬೆರಳೆತ್ತಿದ ಗಳಿಗೆಗೆ ಸರಿಯಾಗಿ ನಾಯಕಿಯ ಕೆನ್ನೆಯ ಮೇಲೊಂದು ಹುಳು ಬಂದು ಕೂತಿತು.

"ಅಲ್ಲಾಡ್ಬೇಡ ಕಣವ್ವ" ಎಂದು ಸಿದ್ದಣ್ಣ ಪಿಸುಗುಟ್ಟಿದ. ಆಕೆಗೆ ಕನ್ನಡ ಬಾರದು, ಆದರೂ ಕಲ್ಲಿನಂತೆ ನಿಂತಳು. ಹುಳು ನಿಧಾನವಾಗಿ ರೆಪ್ಪೆಯತ್ತ ಹತ್ತಿತು. ಆಕೆಯ ಕಣ್ಣು ನಿರ್ದೇಶಕರನ್ನೇ ಬೇಡುತ್ತಿತ್ತು. ಕ್ಯಾಮೆರಾ ಓಡುತ್ತಲೇ ಇತ್ತು.

ನಿರ್ದೇಶಕರು ಕೈ ತೋರಿಸಿದ್ದರೆ ಸಾಕಿತ್ತು, ಶಾಟ್ ನಿಲ್ಲುತ್ತಿತ್ತು. ಅವರು ಆ ಕೈಯನ್ನು ಜೇಬಿಗೆ ಹಾಕಿಕೊಂಡರು.