ಅತ್ತೆ ಕೂತ ಒಂದೇ ಫೋಟೋ

ಕಿರ್ರ್... ಟಕ್. ಚಿಕ್ಕಪ್ಪ ಫಿಲ್ಮ್ ಹಾಕದ ಕ್ಯಾಮೆರಾವನ್ನು ಒತ್ತಿ ಒತ್ತಿ ನೋಡುತ್ತಿದ್ದ ಸದ್ದು ಅದು. ಆಗೆಲ್ಲ ಜಯನಗರದ ನಮ್ಮ ರಸ್ತೆ ಮುಗಿದಲ್ಲೇ ರಾಗಿ ಹೊಲ ಶುರುವಾಗುತ್ತಿತ್ತು. ಮನೆಯಲ್ಲಿ ರೇಡಿಯೋ ಇದ್ದರೇ ಹೆಚ್ಚು. ಸ್ವಂತ ಕ್ಯಾಮೆರಾ ಅಂದರೆ ರಿಯಲ್ ಲಕ್ಷುರಿ.

ಯಾರೋ ಬಳಸಿ ಬಿಟ್ಟದ್ದನ್ನು ಚಿಕ್ಕಪ್ಪ ಕೊಂಡು ತಂದಿದ್ದರು. ಮುಂದಿನ ಮುಚ್ಚಳ ತೆರೆದರೆ ಹಾರ್ಮೋನಿಯಂ ತಿದಿಯಂಥ ಕಪ್ಪು ಚರ್ಮದ ಮಡಿಕೆಗಳು, ತುದಿಯಲ್ಲಿ ಲೆನ್ಸ್. ಮಡಿಕೆಗಳಲ್ಲಿ ಸಣ್ಣ ತೂತುಗಳಿದ್ದು ಬೆಳಕು ನುಗ್ಗಿ, ಮೊದಲ ರೀಲಿನ ತುಂಬ ಬಿಳಿ ಗೆರೆ ಬಿದ್ದಿತ್ತು.

ತೂತು ಹುಡುಕಲು ಕತ್ತಲೆ ಬೇಕು. ಕಿಟಕಿಯಿಲ್ಲದ ಕೋಣೆ ಎಂದರೆ ದೇವರಮನೆಯೊಂದೇ. ಚಿಕ್ಕಪ್ಪನೂ ನಾನೂ ಬಾಗಿಲು ಹಾಕಿಕೊಂಡು ಕ್ಯಾಮೆರಾದ ಒಳಗಿನಿಂದ ಟಾರ್ಚ್ ಬಿಟ್ಟರೆ, ಮಡಿಕೆಗಳಲ್ಲಿ ಚುಕ್ಕಿಗಳು ಮಿನುಗಿದವು. ಅಷ್ಟರಲ್ಲಿ ಅತ್ತೆ ಬಾಗಿಲು ತಟ್ಟಿದರು.

"ಚರ್ಮದ ಸಾಮಾನು ದೇವರ ಮುಂದೆ ಇಟ್ಕೊಂಡಿದೀಯೇನೋ?"

"ಮೃದಂಗಾನೂ ಚರ್ಮಾನೇ ಅಲ್ವೇನಕ್ಕಯ್ಯ?"

"ಅದು ಭಜನೆಗೆ ಬರತ್ತೆ. ಇದೇನು ಹಾಡತ್ತಾ?"

ಅತ್ತೆ ಅಪ್ಪನ ಅಕ್ಕ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗು ಹೊದ್ದು ಅಡುಗೆಮನೆಯಲ್ಲೇ ಆಯುಸ್ಸು ಸವೆಸಿದವರು. ಮನೆಯಲ್ಲಿ ಗ್ರೂಪ್ ಫೋಟೋ ಎಂದೊಡನೆ ಅವರಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಯಾರೂ ಕರೆಯುತ್ತಲೂ ಇರಲಿಲ್ಲ. ಆ ಬೇಸಿಗೆಯಲ್ಲಿ ಅವರು ಶಿವಮೊಗ್ಗದ ಮೈದುನನ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವುದೆಂದು ಹಿರಿಯರು ತೀರ್ಮಾನಿಸಿದ್ದರು.

ಚಿಕ್ಕಪ್ಪ ಹರಿದ ಕೊಡೆಯ ಬಟ್ಟೆ ಕತ್ತರಿಸಿ, ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿ, ತೂತುಗಳಿಗೆ ತೇಪೆ ಹಾಕುತ್ತಿದ್ದರು. ಮನೆಯೆಲ್ಲ ಆ ಘಾಟು. ಅತ್ತೆ ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು: "ಸರಿಹೋದ್ರೆ ನಂದೊಂದು ತೆಗಿಯೋ. ಈ ಮನೇಲಿ ನಾನೂ ಇದ್ದೆ ಅಂತ ಏನಾದ್ರೂ ಇರ್ಲಿ."

ಚಿಕ್ಕಪ್ಪನ ಕೈ ನಿಂತಿತು. "ನಿಂದೇ ಫಸ್ಟು ಅಕ್ಕಯ್ಯ," ಎಂದರು.

ಮರುದಿನ ಅವರು ಆಫೀಸಿಗೆ ಹೋದಾಗ ನಾನೊಬ್ಬಳೇ ದೇವರಮನೆಯಲ್ಲಿ ಟಾರ್ಚ್ ಹಾಕಿ ನೋಡಿದೆ. ಇನ್ನೊಂದು ಚುಕ್ಕಿ! ಅತ್ತೆಯ ಫೋಟೋಗೆ ಗೆರೆ ಬೀಳಬಾರದು. ಸೊಲ್ಯೂಷನ್ ಟ್ಯೂಬ್ ಸಿಗಲಿಲ್ಲ. ಕಪ್ಪಗಿದ್ದರೆ ಸಾಕಲ್ಲ ಎಂದುಕೊಂಡು, ಹರಳೆಣ್ಣೆ ದೀಪಕ್ಕೆ ಹಿಡಿದು ಮಾಡಿದ ಮನೆಯ ಕಾಡಿಗೆಯನ್ನು ಒಳಗಿನಿಂದ ಬೆರಳಲ್ಲಿ ಮೆತ್ತಿದೆ. ಬೆರಳು ಲೆನ್ಸಿನ ಗಾಜಿಗೂ ತಾಗಿತು. ಫ್ರಾಕಿನ ಅಂಚಿನಿಂದ ಒರೆಸಿದೆ. ಕ್ಲೀನ್ ಆಯಿತು ಅಂತಲೇ ಅಂದುಕೊಂಡೆ.

ಭಾನುವಾರ ಅತ್ತೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತರು. ಕೈ ಎಲ್ಲಿಡಬೇಕೆಂದು ಎರಡು ಸಲ ಕೇಳಿದರು.

ಅವರು ಹೊರಡುವ ಹಿಂದಿನ ಸಂಜೆ ಸ್ಟುಡಿಯೋದಿಂದ ಪ್ರಿಂಟ್ ಬಂತು. ಕಲ್ಲು, ಗೋಡೆ, ಅತ್ತೆ ಎಲ್ಲವೂ ಹೊಗೆಯಲ್ಲಿ ಕಲಸಿಹೋಗಿದ್ದವು. ಮುಖವೇ ಇರಲಿಲ್ಲ. ಹಳೆ ಲೆನ್ಸು, ನನ್ನದೇ ತಪ್ಪು ಎಂದು ಚಿಕ್ಕಪ್ಪ ತಲೆ ಚಚ್ಚಿಕೊಂಡರು. ಅತ್ತೆಗೆ ಮಾತ್ರ, ಸ್ಟುಡಿಯೋದವರು ಇನ್ನೂ ಕೊಟ್ಟಿಲ್ಲ ಎಂದರು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್‌ಗೆ ಫುಲ್ ಮಾರ್ಕ್ಸ್ ತೆಗೆಯುತ್ತಿದ್ದ ನಾನು ಬಾಯಿ ಬಿಡಲಿಲ್ಲ. ಚಿಕ್ಕಪ್ಪ ಮತ್ತೆ ಕ್ಯಾಮೆರಾ ಮುಟ್ಟಲಿಲ್ಲ. ಅತ್ತೆ ಮುಂದಿನ ದಸರಾ ನೋಡಲಿಲ್ಲ.

ಈಗ ಪುಟ್ಟೇನಹಳ್ಳಿ ಕೆರೆಯ ವಾಕಿಂಗ್‌ನಲ್ಲಿ ಕಂಡ ಕೊಕ್ಕರೆಯ ಹತ್ತಾರು ಫೋಟೋ ನನ್ನ ಫೋನಿನಲ್ಲಿವೆ. ಅತ್ತೆಯ ಕೈ, ದನಿ, ಹುಣಸೆ ಬಿಡಿಸುವಾಗಿನ ಬೆರಳು ನೆನಪಿದೆ. ಮುಖ ಎಷ್ಟು ಯೋಚಿಸಿದರೂ ಕೂಡಿಬರುವುದಿಲ್ಲ.

ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಅವರು ಕಿಟಕಿಯಿಂದ ಬಗ್ಗಿ, "ಫೋಟೋ ಬಂದ್ರೆ ನೀನೇ ಪೋಸ್ಟ್ ಮಾಡ್ತೀಯೇನೇ, ವಸು?" ಎಂದರು. ಹ್ಞೂಂ ಅಂದೆ. ಬಸ್ಸು ಹೊರಡುವ ತನಕ ಅವರು ಸೆರಗು ಹಿಂದಕ್ಕೆ ಸರಿಸಿ ನನ್ನನ್ನೇ ನೋಡುತ್ತಿದ್ದರಂತೆ. ಚಿಕ್ಕಪ್ಪ ಆಮೇಲೆ ಹೇಳಿದರು. ನಾನು ನನ್ನ ಶೂ ನೋಡುತ್ತಾ ನಿಂತಿದ್ದೆ.