ಹುರಳಿ ತುಳಿದ ಟರ್ಬೊ

ನನ್ನ ಹೆಂಡತಿಗೆ ನನ್ನ ಮೇಲಿರುವ ದೂರು ಒಂದೇ, ಆದರೆ ಅದಕ್ಕೆ ನಾಲ್ಕು ಚಕ್ರಗಳಿವೆ.

ಕೆ.ಬಿ. ಬಡಾವಣೆಯ ನಮ್ಮ ಮನೆ ಮುಂದೆ ನಿಲ್ಲುವ ಆ ಕೆಂಪು ಟರ್ಬೊ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಅದು ಚೆನ್ನಾಗಿಯೇ ಓಡುತ್ತಿತ್ತು. ಚೆನ್ನಾಗಿ ಓಡುವುದನ್ನು ಇನ್ನೂ ಚೆನ್ನಾಗಿ ಓಡಿಸಲು ಹೊರಟವನು ನಾನು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಟರ್ಬೊ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಇಂಜಿನ್ ಹೊರಗೆ ಬಿಡುವ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಇಂಜಿನ್ನಿನೊಳಕ್ಕೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಗಂಡಸಿನ ಬುದ್ಧಿ ಕಡಿಮೆ. ಕೊನೆಯದು ಹೆಂಡತಿ ಸೇರಿಸಿದ್ದು.

ನಮ್ಮ ಮಿಸ್ತ್ರಿ ಲಾರಿಗಳ ಟರ್ಬೊ ಬಿಚ್ಚಿ ಕಟ್ಟಿಯೇ ತಲೆ ನರೆಸಿಕೊಂಡವರು. ಮೊದಲು ಅವರು, ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಜಾಲರಿಯನ್ನು ಬದಲಿಸಿ ದೊಡ್ಡದನ್ನು ಕೂರಿಸಿದರು. ಅದರ ಪೈಪು ಶಾಮನೂರಿನ ಮದುವೆ ಮನೆಯೊಂದರ ಎದುರಿಗೇ ಕಳಚಿಕೊಂಡಿತು. ಹೆಂಡತಿಯ ಕಡೆಯವರೆಲ್ಲ ಊಟ ಬಿಟ್ಟೆದ್ದು ಬಂದು ನೂಕಿದರು. ಆಮೇಲೆ ಲ್ಯಾಪ್‌ಟಾಪ್ ಹಚ್ಚಿಸಿ ಇಂಜಿನ್ನಿನ ಸೆಟ್ಟಿಂಗ್ ಬದಲಿಸಿದೆ. ಆ ವಾರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮನೆಗೆ ತಂದದ್ದಾಯಿತು. ಅಂದೇ ತೀರ್ಪೂ ಬಂತು.

"ಇನ್ನೊಂದು ಸಲ ದಾರ್ಯಾಗ ನಿಂತ್ರೆ ನೀವು ಕಾರು ಬಿಡ್ಬೇಕು. ನನ್ನ ಸ್ಕೂಟರ್ ಐತಲ್ಲ, ಅದ್ರಾಗ ಓಡಾಡ್ರಿ."

ನಾನು ಒಪ್ಪಿದೆ. ಒಪ್ಪಿದ ಮೇಲೆ ಹೆದರಿಕೆಯಾಯಿತು. ಮದುವೆಯಾದ ಹೊಸತರಲ್ಲಿ ಕೊಂಡ ಅವಳ ಸ್ಕೂಟರಿನ ಸೀಟು ಹರಿದು, ಮೇಲೆ ಅಕ್ಕಿ ಚೀಲ ಹೊದಿಸಿದೆ. ಕಾರನ್ನೋ ನಾನು ನಿಜವಾಗಿ ಪ್ರೀತಿಸುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಹೊಸ ಏರ್ ಫಿಲ್ಟರ್ ಹಾಕಿಸಿದೆ.

"ನೋಡ್ರಿ ಸಾಹೇಬ್ರೆ, ಹಳೇ ಡಬ್ಬಿ ತಗದು ಫಿಲ್ಟರ್‌ನ ಬಂಪರ್ ಹಿಂದ ಕೆಳಗಿಟ್ಟೀನಿ. ತಣ್ಣನ ಹವಾ ಸಿಗತೈತೆ," ಎಂದರು ಮಿಸ್ತ್ರಿ. "ಆದ್ರ ಧೂಳಿನ್ಯಾಗ ಹೋಗಬ್ಯಾಡ್ರಿ. ಬಾಯಿ ತಕ್ಕಂಡು ಮಲಗಿದೋರ ಥರ ಇದು, ಸಿಕ್ಕಿದ್ದೆಲ್ಲ ನುಂಗತೈತೆ."

ಆ ಭಾನುವಾರ ಹೆಂಡತಿಯ ತವರು ಭಾನುವಳ್ಳಿಗೆ ಹೋದೆವು. ಕಾರು ಹೂವಿನಂತೆ ಓಡಿತು. ಸಂಜೆ ಹರಿಹರದ ಕಡೆಗೆ ಹಿಂತಿರುಗುವಾಗ ಊರಾಚೆ ರಸ್ತೆಯ ತುಂಬ ಒಣಗಿದ ಹುರಳಿ ಗಿಡ ಹರಡಿದ್ದರು. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ನಾನು ಬದಿಗೆ ತಿರುಗಿಸುವಷ್ಟರಲ್ಲಿ ಮೊರ ಹಿಡಿದ ಅಜ್ಜಿಯೊಬ್ಬಳು ಕೈ ಅಡ್ಡ ಹಾಕಿದಳು.

"ಬದಿಗ್ಯಾಕ ಹೋಗ್ತೀಯಪ್ಪಾ? ಮ್ಯಾಲೇ ಹಾಯಿಸು! ಮಧ್ಯಾನ್ದಿಂದ ಬರೇ ಬೈಕೇ ಬಂದಾವ."

"ಮಿಸ್ತ್ರಿ ಬ್ಯಾಡ ಅಂದಾರಲ್ರಿ," ಎಂದಳು ಹೆಂಡತಿ.

"ಒಂದ್ ಸಲಕ್ಕೆ ಏನಾಗತೈತೆ?" ಎಂದು ಹಾಯಿಸಿದೆ. ಸೊಪ್ಪು ಪಟಪಟ ಎಂದಿತು. "ಭಾರೀ ಗಾಡಿ ಐತಪ್ಪಾ ನಿಂದು! ಹಿಂದಕ್ಕೂ ಒಂದ್ ಸಲ ಬಾ," ಎಂದಳು ಅಜ್ಜಿ. ಹೊಗಳಿದರೆ ಅಟ್ಟ ಏರುವವನು ನಾನು. ಹಿಂದೆ ಹೋದೆ, ಮುಂದೆ ಬಂದೆ, ಮತ್ತೆ ಹಿಂದೆ ಹೋದೆ. ಐದನೆಯ ಸಲ ಅಜ್ಜಿಗೆ ಟರ್ಬೊದ ಸಿಳ್ಳೆ ಕೇಳಿಸೋಣವೆಂದು ಆಕ್ಸಿಲರೇಟರ್ ಒತ್ತಿದೆ. ಸಿಳ್ಳೆ ನರಳಾಟವಾಯಿತು, ಹಳದಿ ದೀಪ ಹತ್ತಿತು, ಕಾರು ಎರಡು ಸಲ ಕೆಮ್ಮಿ ಹುರಳಿಯ ನಟ್ಟನಡುವೆ ನಿಂತಿತು.

ಹೆಂಡತಿ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದಳು. ಧಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಬಂಪರ್ ಕೆಳಗೆ ಕೈ ಹಾಕಿ ಫಿಲ್ಟರ್ ಬಿಚ್ಚಿದರೆ, ಅದು ಹೊಟ್ಟಿನ ಉಂಡೆ. ಎತ್ತಿ ಹಿಡಿದು ಜಾಡಿಸಿದೆ. ಎದುರುಗಾಳಿಗೆ ಹೊಟ್ಟೆಲ್ಲ ನನ್ನ ಎರಡೂ ಕಣ್ಣಿಗೆ ತುಂಬಿತು.

"ಗಾಳಿಗೆ ಬೆನ್ನು ಕೊಟ್ಟು ಜಾಡಿಸ್ಬೇಕು ಅನ್ನೋದೂ ಗೊತ್ತಿಲ್ಲೇನಪ್ಪಾ?" ಎಂದು ಅಜ್ಜಿ ಅದನ್ನು ಕಸಿದುಕೊಂಡು, ಮೊರದ ಅಂಚಿಗೆ ಹಗುರಾಗಿ ಕುಟ್ಟತೊಡಗಿದಳು. ಹೆಂಡತಿ ಸೆರಗು ಸಿಕ್ಕಿಸಿ ಕೂತು ಜಾಲರಿಯ ಸಂದಿನ ಹೊಟ್ಟನ್ನು ಕಡ್ಡಿಯಿಂದ ಕೆದರಿ ತೆಗೆದಳು. ಇಬ್ಬರೂ ನಗುವುದು ಕೇಳಿಸುತ್ತಿತ್ತು. ನಾನು ಬಾಟಲಿ ನೀರಿನಲ್ಲಿ ಕಣ್ಣು ತೊಳೆಯುತ್ತ, ನನ್ನ ಕಾರಿನ ಕಥೆ ಮುಗಿಯಿತೆಂದು ಕೊರಗುತ್ತಿದ್ದೆ.

ಫಿಲ್ಟರ್ ಮತ್ತೆ ಕೂರಿಸಿ ಕೀಲಿ ತಿರುಗಿಸಿದಾಗ ಇಂಜಿನ್ ಶುರುವಾಯಿತು, ದೀಪವೂ ಆರಿತು. ಅಜ್ಜಿ ಕೂಲಿಯೆಂದು ಒಂದು ಸೇರು ಹುರಳಿ ಕೊಟ್ಟಳು. ನನ್ನ ಕಣ್ಣು ಇನ್ನೂ ತೆರೆಯುತ್ತಿರಲಿಲ್ಲವಾದ್ದರಿಂದ ಆ ಕಾರನ್ನು ಮೊದಲ ಸಲ ಹೆಂಡತಿ ಓಡಿಸಿದಳು. ಹರಿಹರ ದಾಟಿದ ಮೇಲೆ ನನ್ನ ಬೆನ್ನು ಒಮ್ಮೆಲೇ ಸೀಟಿಗೆ ಒತ್ತಿತು. "ಅಯ್ಯ!" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿತು. ಈ ಸಲ ಅವಳು ನಕ್ಕಳು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಸೋಮವಾರ ಬೆಳಿಗ್ಗೆ ಗೋಡೆಯ ಮೊಳೆಯಲ್ಲಿ ಕಾರಿನ ಕೀಲಿ ಇರಲಿಲ್ಲ. ಹರಿಹರದ ಶಾಲೆಗೆ ದಿನವೂ ಬಸ್ಸಿನಲ್ಲಿ ಹೋಗುವ ನಮ್ಮ ಮನೆಯ ಟೀಚರು, ಅಂದರೆ ನನ್ನ ಹೆಂಡತಿ, ಕಾರಿನ ಬಾಗಿಲು ತೆರೆದು ನಿಂತಿದ್ದರು.

"ದಾರ್ಯಾಗ ನಿಂತಿತ್ತೋ, ಇಲ್ಲೋ?"

"ನಿಂತಿತ್ತು," ಎಂದೆ. "ಅಂದ್ರೆ, ಮಾರ್ತೀಯಾ?"

"ಯಾಕ ಮಾರ್ಲಿ? ಇಷ್ಟು ಚಂದ ಓಡತೈತೆ." ಸ್ಕೂಟರ್ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು. "ಮಿಸ್ತ್ರಿಗೆ ಫೋನ್ ಮಾಡಿ ಆ ಫಿಲ್ಟರ್‌ಗೊಂದು ಡಬ್ಬಿ ಹಾಕ್ಸಿ ಕೊಡ್ರಿ. ಅಜ್ಜಿದು ಇನ್ನೂ ಅರ್ಧ ಹುರಳಿ ಉಳಿದೈತೆ."

ಓಣಿಯ ಕೊನೆಯಲ್ಲಿ ಟರ್ಬೊದ ಸಿಳ್ಳೆ ಕೇಳಿಸಿತು. ಚೆನ್ನಾಗಿಯೇ ಇತ್ತು. ನಾನು ಅಕ್ಕಿ ಚೀಲವನ್ನು ಸರಿಮಾಡಿಕೊಂಡು ಕೂತು ಕಿಕ್ ಹೊಡೆಯತೊಡಗಿದೆ.